ಹುತ್ತದ ಪಕ್ಕ ಹದಿನೈದಡಿ, ಬೋರಿಗೆ ಸಾವಿರದೈನೂರು

ನಾಗರಪಂಚಮಿ ದಿನ ಹುತ್ತಕ್ಕೆ ಹಾಲೆರೀತೇವೆ. ಮಾರನೇ ವಾರ ಅದೇ ಹುತ್ತಕ್ಕೆ ಗೆದ್ದಲು ಔಷಧಿ ಸುರೀತೇವೆ. ಜೆಸಿಬಿ ಬಂದ ಮೇಲಂತೂ ಇನ್ನೂ ಸಲೀಸು. ರಾಯಲ್ಪಾಡು ಕಡೆಯ ಮಾವಿನ ತೋಪುಗಳಲ್ಲಿ ನಡೀತಿರೋದು ಇದೇ.

ಹುತ್ತ ಕಟ್ಟೋ ಗೆದ್ದಲಿನ ಮೈ ಬಲು ಮೆತ್ತಗೆ. ಒಣ ಗಾಳಿ, ಬಿಸಿಲು ತಡೆಯೋಲ್ಲ. ಅದಕ್ಕೇ ಮರ ಹತ್ತುವಾಗಲೂ ಮಣ್ಣಿನ ಮುಚ್ಚಿಗೆ ಕಟ್ಟಿಕೊಂಡೇ ಹತ್ತುತ್ತೆ. ಗೂಡಿನೊಳಗೆ ಅದು ಬೆಳೆಸೋ ಶಿಲೀಂಧ್ರಕ್ಕೂ ಸದಾ ತೇವ ಬೇಕು. ಆ ತೇವವನ್ನು ಆಳದ ಮಣ್ಣಿನಿಂದ ತರುತ್ತೆ. ತಂದರೂ ಗೂಡಿಗೆ ಬೇಕಾದಷ್ಟೇ.

ಇದನ್ನು ಹಿಂದಿನವರು ಕಂಡುಕೊಂಡಿದ್ದರು. 6ನೇ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ನೆಲದೊಳಗಿನ ನೀರು ಹುಡುಕೋದಕ್ಕೇ ಒಂದು ಅಧ್ಯಾಯ ಉಂಟು. ಮರ, ಹುತ್ತ, ಕಪ್ಪೆ, ಎಲ್ಲಾ ಅಲ್ಲಿ ಗುರುತುಗಳು. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತ ಇದ್ದರೆ, ಮರದ ದಕ್ಷಿಣಕ್ಕೆ ಎರಡು ‘ಪುರುಷ’ ಆಳದಲ್ಲಿ ಸಿಹಿನೀರು ಅಂತಾನೆ. ಒಂದು ಪುರುಷ ಅಂದರೆ ಕೈಯೆತ್ತಿ ನಿಂತ ಆಳಿನ ಎತ್ತರ, ಸುಮಾರು ಏಳೂವರೆ ಅಡಿ. ಅಂದರೆ ಹದಿನೈದಡಿಗೆ ನೀರು! ನಮಗೆ ಹತ್ತಿರದ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಇ.ಎ.ವಿ. ಪ್ರಸಾದ್ ಅವರು ಈ ಅಧ್ಯಾಯವನ್ನು ಭೂವಿಜ್ಞಾನದ ಕಣ್ಣಿನಿಂದ ನೋಡಿ 1980ರಲ್ಲಿ ಪುಸ್ತಕವನ್ನೇ ಬರೆದರು.

ಹುತ್ತ ನೋಡಿ ಬೋರು ಕೊರೆಸಿ ಅಂತ ನಾನು ಹೇಳ್ತಿಲ್ಲ. ಹುತ್ತ ಹೇಳೋದು ಮೇಲಿನ ಮಣ್ಣಿನ ತೇವದ ಸುದ್ದಿ. ಸಾವಿರಡಿ ಕೆಳಗಿನ ಕಲ್ಲಿನ ಬಿರುಕು ಅದಕ್ಕೇನು ಗೊತ್ತು? ನಮ್ಮಲ್ಲಿ ಕಪಿಲೆ ಬಾವಿಗಳ ಕಾಲದಲ್ಲಿ ಎತ್ತು ಎಳೆದಷ್ಟೇ ನೀರು. ಎತ್ತು ದಣಿದರೆ ಬಾವಿಗೂ ವಿಶ್ರಾಂತಿ. ಪಂಪ್‌ಸೆಟ್ಟಿಗೆ ದಣಿವಿಲ್ಲ. ಬಾವಿ ಬತ್ತಿತು, ಬೋರು ಬಂತು. ಮುನ್ನೂರಡಿ ಸಾಲದೆ ಸಾವಿರ, ಸಾವಿರ ಸಾಲದೆ ಸಾವಿರದೈನೂರು. ಪಕ್ಕದವನು ಇಳಿಸಿದ ಅಂತ ನಾವೂ ಇಳಿಸಿದೆವು. ವರ್ಷಪೂರ್ತಿ ಹರಿಯೋ ನದಿಯಿಲ್ಲದ ಜಿಲ್ಲೆ, ವರ್ಷಕ್ಕೆ ಬೀಳೋದು ಸುಮಾರು 700 ಮಿ.ಮೀ. ಮಳೆ. ಕೊನೆಗೆ 2018ರಲ್ಲಿ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನೇ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸೋ ಸ್ಥಿತಿ ಬಂತು.

ಗೆದ್ದಲನ್ನು ದುಡಿಸಿಕೊಳ್ಳೋ ದಾರಿಯೂ ಇದೆ. ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ಯಾಕೂಬಾ ಸವಾಡೋಗೋ ಅಂತ ಒಬ್ಬ ರೈತರಿದ್ದರು. 1980ರ ದಶಕದ ಬರಗಾಲದಲ್ಲಿ ಗಟ್ಟಿಯಾಗಿ ಹೋಗಿದ್ದ ನೆಲದಲ್ಲಿ ಬೇಸಿಗೆಯಲ್ಲೇ ಸಣ್ಣ ಸಣ್ಣ ಗುಂಡಿ ತೋಡಿ ಗೊಬ್ಬರ ಹಾಕಿದರು. ಗೊಬ್ಬರಕ್ಕೆ ಗೆದ್ದಲು ಬಂತು, ಕೆಳಗೆ ಬಿಲ ಕೊರೆಯಿತು. ಮಳೆ ಬಿದ್ದಾಗ ಹರಿದು ಹೋಗಬೇಕಾದ ನೀರು ಆ ಬಿಲಗಳಲ್ಲಿ ಇಂಗಿತು. ಜೋಳ, ಸಜ್ಜೆ ಬಂತು. ಮುಂದೆ ಅಲ್ಲೇ ಕಾಡೂ ಎದ್ದಿತು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರಲ್ಲಿ ತೀರಿಕೊಂಡರು.

ಎಳೆ ಸಸಿಗೆ ಗೆದ್ದಲು ಹತ್ತಿದರೆ ಸಸಿ ಹೋಗುತ್ತೆ, ಅದು ನಿಜ. ಅಲ್ಲಿ ಕಾಯಲೇಬೇಕು. ಬೆಳೆದ ಮಾವಿನ ಮರದ ಮೇಲೆ ಕಾಣೋ ಮಣ್ಣಿನ ಪದರದ ಕೆಳಗೆ ಅದು ತಿನ್ನೋದು ಬಹುಪಾಲು ಒಣ ತೊಗಟೆ. ಕೈಯಿಂದ ಕೆರೆದು ಉದುರಿಸಿ ನೋಡಿ. ತರಗು ಸುಡೋದು ಬಿಟ್ಟು, ಮುಂಗಾರಿಗೆ ಮುಂಚೆ ಸಾಲಿನ ನಡುವೆ ಮೊಣಕೈ ಉದ್ದದ ಗುಂಡಿ ತೆಗೆದು ತರಗು, ತಿಪ್ಪೆಗೊಬ್ಬರ ತುಂಬಿಡಿ. ಗೆದ್ದಲಿಗೆ ಒಣ ತಿಂಡಿ ಅಲ್ಲೇ ಸಿಗುತ್ತೆ. ಬದುವಿನ ಮೇಲಿನ ಹುತ್ತ ಇದ್ದ ಹಾಗೇ ಇರಲಿ.