ದೇವನೂರಿನ ಕ್ಲಿಕ್ಕು ಬೆಂಗಳೂರಿನದಾಗುವ ಬಗೆ

ಕಡೂರು ತಾಲ್ಲೂಕಿನ ದೇವನೂರಿನಲ್ಲಿ ಯಾರೋ ಒಬ್ಬರು ಮೊಬೈಲಿನಲ್ಲಿ ಬೋರ್‌ವೆಲ್ ಮೋಟರಿನ ರೇಟು ಹುಡುಕುತ್ತ, ಎಲ್ಲಕ್ಕಿಂತ ಮೇಲೆ ಬಂದ ಗೂಗಲ್ ಜಾಹೀರಾತನ್ನು ಒತ್ತಿದರು ಎನ್ನಿ. ಕಂಪನಿಯ ಪುಟ ತೆರೆದುಕೊಳ್ಳುತ್ತದೆ. ಮೇಲಿರುವ ವಿಳಾಸವನ್ನು ಮುಟ್ಟಿ ಎಳೆದು ನೋಡಿದರೆ, ಕಂಪನಿಯ ಹೆಸರು ಮುಗಿದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರಾಚೆ ಜಿಸಿಎಲ್‌ಐಡಿ ಎಂಬ ಹೆಸರಿನಡಿ ತಲೆಬುಡವಿಲ್ಲದ ಅಕ್ಷರಗಳ ಉದ್ದನೆಯ ಬಾಲ. ಗೂಗಲ್ ಆ ಒಂದು ಕ್ಲಿಕ್ಕಿಗೆಂದೇ ಹುಟ್ಟಿಸಿದ ಗುರುತು ಅದು. ಮತ್ತೊಮ್ಮೆ ಒತ್ತಿದರೆ ಬಾಲವೇ ಬೇರೆ.

‘ಜೈಮಿನಿ ಭಾರತ’ ಬರೆದ ಲಕ್ಷ್ಮೀಶನ ಊರು ದೇವನೂರು; ಅಲ್ಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕಾವ್ಯದ ಯಜ್ಞದ ಕುದುರೆಯ ಹಣೆಯ ಮೇಲೆ ಲಿಖಿತವಿರುತ್ತದೆ. ಎಲ್ಲಿಗೆ ಹೋದರೂ ಯಾರ ಕುದುರೆಯೆಂದು ಓದಿದವರಿಗೆ ತಿಳಿಯಬೇಕು. ಅಲ್ಲಿ ಬಿಟ್ಟಿದ್ದು ಒಂದೇ ಕುದುರೆ, ಅಷ್ಟೆ.

ಈ ಬಾಲದಲ್ಲಿ ಬಳಕೆಯಾಗುವುದು 64 ಚಿಹ್ನೆಗಳು: ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಎರಡು ಗೆರೆ. ಇಡೀ ಬಾಲ ಬೇಡ, ಹತ್ತು ಅಕ್ಷರ ಸಾಕು. 64ನ್ನು ಹತ್ತು ಸಲ ಗುಣಿಸಿ ಬಂದಷ್ಟು ಗುರುತುಗಳನ್ನು ಲೋಕದ 800 ಕೋಟಿ ಜನರಿಗೆ ಹಂಚಿದರೆ ತಲೆಗೆ 14 ಕೋಟಿ ಬರುತ್ತವೆ. ಹುಟ್ಟಿದ ದಿನದಿಂದ ಸೆಕೆಂಡಿಗೊಂದರಂತೆ ಒತ್ತಿದರೂ ಅಷ್ಟು ಮುಗಿಸಲು ನಾಲ್ಕು ವರ್ಷಕ್ಕೂ ಮೇಲಾಗುತ್ತದೆ. ನಿಜವಾದ ಬಾಲ ಹತ್ತು ಅಕ್ಷರಕ್ಕಿಂತ ಎಷ್ಟೋ ಉದ್ದ.

ಇಷ್ಟೊಂದು ಜೋಪಾನ ಯಾಕೆಂದರೆ ದುಡ್ಡು. 2000ದ ಅಕ್ಟೋಬರಿನಲ್ಲಿ ಗೂಗಲ್ ಆಡ್‌ವರ್ಡ್ಸ್ ಶುರುವಾದಾಗ ಗಿರಾಕಿಗಳು 350. 2024ರಲ್ಲಿ ಗೂಗಲ್‌ಗೆ ಜಾಹೀರಾತಿನಿಂದ ಬಂದದ್ದು 26,459 ಕೋಟಿ ಡಾಲರ್. ಎಲ್ಲವೂ ಕ್ಲಿಕ್ಕಿನದಲ್ಲ, ಬರೀ ತೋರಿಸಿದ್ದಕ್ಕೂ ಕಾಸಿದೆ. ರೂಪಾಯಿಗೆ ತಿರುಗಿಸಿದರೆ ಸುಮಾರು 22 ಲಕ್ಷ ಕೋಟಿ. ಕರ್ನಾಟಕ ಸರ್ಕಾರದ 2024-25ರ ಬಜೆಟ್ಟು 3.71 ಲಕ್ಷ ಕೋಟಿ, ಅಂಥವು ಆರು. ಸೆಕೆಂಡಿಗೆ ಏಳು ಲಕ್ಷ ರೂಪಾಯಿ.

ಬೇರೆ ಪುಟಗಳ ಪಕ್ಕದಲ್ಲಿ ಕಾಣುವ ಜಾಹೀರಾತುಗಳ ಕಥೆ ಇನ್ನೂ ವಿಚಿತ್ರ. ಪುಟ ತೆರೆಯುವಷ್ಟರಲ್ಲೇ ಆ ಖಾಲಿ ಜಾಗ ಹರಾಜಾಗುತ್ತದೆ. ಸವಾಲು ಕೂಗಲು ಸಿಗುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಯಾರು, ಎಲ್ಲಿ, ಏನು ನೋಡುತ್ತಿದ್ದಾರೆ ಎಂಬ ವಿವರ ಅಷ್ಟರೊಳಗೆ ಸವಾಲುದಾರರಿಗೆಲ್ಲ ಹೋಗಿರುತ್ತದೆ. ಐರಿಷ್ ಕೌನ್ಸಿಲ್ ಫಾರ್ ಸಿವಿಲ್ ಲಿಬರ್ಟೀಸ್ 2022ರಲ್ಲಿ ಕೊಟ್ಟ ಲೆಕ್ಕದಲ್ಲಿ ಅಮೆರಿಕದ ಒಬ್ಬರ ವಿವರ ದಿನಕ್ಕೆ ಸರಾಸರಿ 747 ಸಲ ಹೀಗೆ ಬಯಲಾಗುತ್ತದೆ. ಅಮೆರಿಕ, ಯುರೋಪ್ ಸೇರಿ ವರ್ಷಕ್ಕೆ 178 ಲಕ್ಷ ಕೋಟಿ ಸಲ.

ಇಷ್ಟೆಲ್ಲ ಆದಮೇಲೆ ದೇವನೂರಿನ ಕ್ಲಿಕ್ಕು ಎಲ್ಲಿಂದ ಬಂತೆಂದು ಕೇಳಿದರೆ, ಫೋನಿನ ಲೊಕೇಶನ್ ಆಫ್ ಇದ್ದಲ್ಲಿ ‘ಬೆಂಗಳೂರು’ ಎಂದೇ ಉತ್ತರ ಬಂದೀತು. ಊರು ಊಹಿಸಲು ಉಳಿಯುವುದು ಐಪಿ ವಿಳಾಸ. ಹಳೆಯ ಮಾದರಿಯ ಈ ವಿಳಾಸಗಳು ಜಗತ್ತಿಗೆಲ್ಲ ಸೇರಿ ಇರುವುದೇ 429 ಕೋಟಿ, ಭಾರತದ ಪಾಲು ಅದರಲ್ಲಿ ನೂರಕ್ಕೆ ಒಂದರಷ್ಟು. ನಮ್ಮ ಬ್ರಾಡ್‌ಬ್ಯಾಂಡ್ ಚಂದಾದಾರರೋ 90 ಕೋಟಿ ದಾಟಿದ್ದಾರೆ. ಹಾಗಾಗಿ ಮೊಬೈಲ್ ಕಂಪನಿ ಒಂದೇ ವಿಳಾಸದ ಹಿಂದೆ ಹಲವರನ್ನು ಕೂರಿಸುತ್ತದೆ. ಹೊಸ ಮಾದರಿಯಲ್ಲಿ ವಿಳಾಸಗಳಿಗೆ ಬರವಿಲ್ಲ, ನಿಜ. ಆದರೆ ಅಲ್ಲೂ ಹೊರಗಿನವರಿಗೆ ಕಾಣುವುದು ಹೆಚ್ಚಾಗಿ ಕಂಪನಿಯ ದೊಡ್ಡ ಊರಿನ ಹೆಬ್ಬಾಗಿಲೇ. ಜಾಹೀರಾತು ಕೊಟ್ಟವರು ಬೆಂಗಳೂರಿನಲ್ಲಿ ಬೋರ್‌ವೆಲ್ ಮೋಟರಿಗೆ ಇಷ್ಟು ಬೇಡಿಕೆಯೇ ಎಂದು ಖುಷಿಪಟ್ಟರೆ ಅವರ ತಪ್ಪಲ್ಲ.

ಊರು ತಪ್ಪಿದರೆ ಹೋಗಲಿ, ಮನುಷ್ಯರೇ ಇಲ್ಲದಿದ್ದರೆ? 2016ರ ಡಿಸೆಂಬರಿನಲ್ಲಿ ಬಯಲಾದ ‘ಮೆಥ್‌ಬಾಟ್’ ಎಂಬ ನಕಲಿ ಜಾಹೀರಾತು ವೀಕ್ಷಣೆಯ ದಂಧೆಯಲ್ಲಿ, ಅಮೆರಿಕದ ಸರ್ಕಾರಿ ವಕೀಲರ ಪ್ರಕಾರ, ಡಲ್ಲಾಸ್ ಮುಂತಾದೆಡೆ ಬಾಡಿಗೆಗೆ ಪಡೆದ 1,900ಕ್ಕೂ ಹೆಚ್ಚು ಸರ್ವರ್‌ಗಳಿದ್ದವು. 6.5 ಲಕ್ಷಕ್ಕೂ ಹೆಚ್ಚು ಐಪಿ ವಿಳಾಸ ಹಿಡಿದು, ಅವೆಲ್ಲ ಅಮೆರಿಕದ ಮನೆಮನೆಯ ಕಂಪ್ಯೂಟರುಗಳು ಎಂಬಂತೆ ದಾಖಲೆ ಸೃಷ್ಟಿಸಿದ್ದರು. ನನಗೆ ಬೆರಗೆನಿಸುವುದು ನಟನೆಯ ನಾಜೂಕು: ಪ್ರೋಗ್ರಾಂಗಳು ಮೌಸ್ ಆಡಿಸುತ್ತಿದ್ದವು, ಪುಟವನ್ನು ಕೆಳಗಿಳಿಸುತ್ತಿದ್ದವು, ಬೇಜಾರಾದಂತೆ ವೀಡಿಯೊವನ್ನು ನಡುವೆ ನಿಲ್ಲಿಸುತ್ತಿದ್ದವು, ಫೇಸ್‌ಬುಕ್ಕಿಗೆ ಲಾಗಿನ್ ಆದವರ ವೇಷವನ್ನೂ ಹಾಕಿದ್ದವು. ಜಾಹೀರಾತುದಾರರು 70 ಲಕ್ಷ ಡಾಲರಿಗೂ ಹೆಚ್ಚು ತೆತ್ತರು. 2021ರ ನವೆಂಬರಿನಲ್ಲಿ ಇದರ ಮುಖ್ಯಸ್ಥನಿಗೆ ನ್ಯೂಯಾರ್ಕಿನ ನ್ಯಾಯಾಲಯ ಹತ್ತು ವರ್ಷ ಜೈಲು ವಿಧಿಸಿತು. ಆ ಜಾಹೀರಾತುಗಳನ್ನು ಕಣ್ಣಾರೆ ನೋಡಿದ ಮನುಷ್ಯರ ಸಂಖ್ಯೆ ಸೊನ್ನೆ.