ಮರೆತರೂ ಬದುಕುವ ಗಿಡಗಳು

ವಿಜಯನಗರದ ಕಡೆ ರೂಮು ಹುಡುಕಿದವರಿಗೆ ಓನರ್‌ಗಳ ಪ್ರಶ್ನೆಗಳು ಬಾಯಿಪಾಠವಾಗಿರುತ್ತವೆ. ಅಡ್ವಾನ್ಸ್ ಎಷ್ಟು ಕೊಡ್ತೀರ, ಎಷ್ಟು ಜನ ಇರ್ತೀರ, ರಾತ್ರಿ ಎಷ್ಟೊತ್ತಿಗೆ ಬರ್ತೀರ. ಆದರೆ ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ ಹತ್ತಿರದ ಆ ಮನೆಯ ಅಜ್ಜಿ ಮೊದಲು ಕೇಳಿದ್ದೇ ಬೇರೆ. ‘ಗಿಡಕ್ಕೆ ನೀರು ಹಾಕ್ತೀಯೇನಮ್ಮ? ನನಗೆ ಮಂಡಿ ನೋವು, ಬಕೆಟ್ ಎತ್ತಕ್ಕಾಗಲ್ಲ. ಹಾಕ್ತೀನಿ ಅಂದ್ರೆ ಬಾಡಿಗೇಲಿ ಐನೂರು ಬಿಡ್ತೀನಿ.’

ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಸರ್ಕಾರಿ ಪರೀಕ್ಷೆಗೆ ಓದಲು ಹಿರಿಯೂರಿನಿಂದ ಬಂದವಳು ನಾನು. ತಿಂಗಳಿಗೆ ಐನೂರು ರೂಪಾಯಿ ಉಳಿಯುತ್ತದೆ ಎಂದರೆ ಬಿಡುತ್ತೇನೆಯೇ? ‘ಹಾಕ್ತೀನಿ ಅಜ್ಜಿ’ ಎಂದುಬಿಟ್ಟೆ.

ಗಿಡಗಳಿದ್ದದ್ದು ಗೇಟಿನ ಒಳಗೆ, ಕಾಂಪೌಂಡಿಗೆ ತಾಗಿಕೊಂಡಿದ್ದ ಒಂದು ಸಿಮೆಂಟ್ ತೊಟ್ಟಿಯಲ್ಲಿ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಸಂಪು ಕಟ್ಟಿಸುವ ಮೊದಲು ಕಾವೇರಿ ನೀರು ಹಿಡಿದಿಡುತ್ತಿದ್ದ ತೊಟ್ಟಿಯಂತೆ ಅದು. ಆಮೇಲೆ ತಾತ ಅದಕ್ಕೆ ಮಣ್ಣು ತುಂಬಿಸಿ ಬಟನ್ ರೋಸ್, ದಾಸವಾಳ, ಸೇವಂತಿಗೆ ಹಾಕಿದ್ದರು. ತಾತ ತೀರಿಕೊಂಡ ಮೇಲೂ ಅಜ್ಜಿ ದಿನಾ ಬೆಳಿಗ್ಗೆ ಅಲ್ಲಿಂದಲೇ ಪೂಜೆಗೆ ಹೂ ಕೀಳುತ್ತಿದ್ದರು.

ಅದನ್ನು ಒಣಗಿಸಿದವಳು ನಾನೇ.

2024ರ ಬೇಸಿಗೆ ನಿಮಗೂ ನೆನಪಿರಬಹುದು. ಬೋರ್‌ವೆಲ್‌ಗಳು ಬತ್ತಿ ಬೀದಿಬೀದಿಯಲ್ಲಿ ಟ್ಯಾಂಕರ್‌ಗೆ ಕಾಯುತ್ತಿದ್ದೆವು. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತ್ತು. ನಾನು ಅಕ್ಕಿ, ತರಕಾರಿ ತೊಳೆದ ನೀರನ್ನೇ ಒಂದು ಬಕೆಟ್‌ನಲ್ಲಿ ಕೂಡಿಟ್ಟು ಹಾಕುತ್ತಿದ್ದೆ. ಏಪ್ರಿಲ್ 9ಕ್ಕೆ ಯುಗಾದಿ. ನಾಲ್ಕು ದಿನಕ್ಕೆಂದು ಊರಿಗೆ ಹೋದವಳು, ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲದೆ ಮೇ ಮೊದಲ ವಾರದವರೆಗೂ ಅಲ್ಲೇ ಉಳಿದೆ. ಆ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಮಳೆಯೇ ಬರಲಿಲ್ಲ. ಬಿಸಿಲು 38 ಡಿಗ್ರಿ ದಾಟಿತು.

ವಾಪಸ್ ಬಂದಾಗ ತೊಟ್ಟಿಯಲ್ಲಿ ಕಡ್ಡಿಗಳಷ್ಟೇ ಇದ್ದವು. ಅಜ್ಜಿ ಮಂಡಿ ಹಿಡಿದುಕೊಂಡು ದಿನಕ್ಕೊಂದೆರಡು ಚೊಂಬು ಹಾಕಿ ನೋಡಿದ್ದರಂತೆ. ಬೈಯಲಿಲ್ಲ. ‘ಹೋಗ್ಲಿ ಬಿಡು, ನೀನು ತಾನೇ ಏನ್ಮಾಡ್ತೀಯ’ ಎಂದರು. ಬೈದಿದ್ದರೇ ಚೆನ್ನಾಗಿತ್ತು. ಆ ತಿಂಗಳ ಬಾಡಿಗೆಗೆ ಐನೂರು ಸೇರಿಸಿ ಕೊಟ್ಟೆ. ಅಜ್ಜಿ ಎರಡು ಸಲ ಎಣಿಸಿ, ಐನೂರರ ನೋಟನ್ನು ವಾಪಸ್ ನನ್ನ ಕೈಗಿಟ್ಟರು.

ಮಳೆ ಶುರುವಾದ ಮೇಲೆ ಇನ್ನೊಂದು ಕಥೆ. ಖಾಲಿ ತೊಟ್ಟಿಯಲ್ಲಿ ನೀರು ನಿಂತುಕೊಂಡಿತು. ಆ ವರ್ಷ ಡೆಂಗಿ ಹಾವಳಿ ಜೋರು. ಮನೆಮನೆ ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ತೊಟ್ಟಿಯ ನೀರಿಗೆ ಟಾರ್ಚ್ ಬಿಟ್ಟು, ‘ಅಮ್ಮಾ, ಲಾರ್ವಾ ಇದೆ ನೋಡಿ. ಇದನ್ನ ಖಾಲಿ ಮಾಡ್ಸಿ’ ಎಂದರು. ಅಜ್ಜಿಗೆ ಸಾಕಾಗಿ ಹೋಗಿತ್ತು. ‘ಒಡೆಸಿಬಿಡ್ತೀನಿ. ಒಂದು ಸ್ಕೂಟರ್ ನಿಲ್ಸಕ್ಕಾದ್ರೂ ಜಾಗ ಆಗುತ್ತೆ’ ಅಂದರು. ಹಾಗೆನ್ನುವಾಗ ಅವರು ತೊಟ್ಟಿಯ ಕಡೆ ನೋಡಲಿಲ್ಲ. ನಾನು ಒಂದು ತಿಂಗಳು ಟೈಮ್ ಕೇಳಿದೆ.

ಧೈರ್ಯ ಬಂದದ್ದು ಬಸ್ಸಿನ ಕಿಟಕಿಯಿಂದ. ಹಿರಿಯೂರಿನಿಂದ ಬೆಂಗಳೂರಿಗೆ ಬರುವ ಹೆದ್ದಾರಿಯ ನಡುವಿನ ಡಿವೈಡರ್ ಗಮನಿಸಿದ್ದೀರಾ? ಊರಿಂದ ಬರುವಾಗ ಎರಡೂ ಕಡೆ ಹೊಲಗಳು ಬೆಂದು ಹೋಗಿದ್ದವು. ಡಿವೈಡರ್‌ನಲ್ಲಿ ಮಾತ್ರ ಕಾಗದದ ಹೂವಿನ ಗಿಡಗಳು, ಅಂದರೆ ಬೋಗನ್‌ವಿಲ್ಲಾ, ಕಣಗಿಲೆ ಗಿಡಗಳು ಮೈತುಂಬ ಹೂ ಬಿಟ್ಟುಕೊಂಡು ನಿಂತಿದ್ದವು. ಲಾರಿ ಹೊಗೆ, ಧೂಳು, ಕಾದ ಟಾರು, ಯಾವಾಗಲೋ ಒಮ್ಮೆ ಟ್ಯಾಂಕರ್ ನೀರು. ಅಲ್ಲಿ ಬದುಕುವ ಗಿಡ ಅಜ್ಜಿಯ ಗೇಟಿನ ಹತ್ತಿರ ಬದುಕುವುದಿಲ್ಲವೇ?

ಆದರೂ ಮೊದಲು ಹೋದದ್ದು ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿಗೆ. ಅರಳಿ ನಿಂತ ಬಣ್ಣಬಣ್ಣದ ಹೂಗಳನ್ನು ನೋಡಿ ಮತ್ತೆ ಮನಸ್ಸು ಜಾರಿತು. ಅಲ್ಲಿನ ಕೆಲಸಗಾರರೊಬ್ಬರು ಕೇಳಿದ ಒಂದೇ ಪ್ರಶ್ನೆ ನನ್ನನ್ನು ತಡೆಯಿತು. ‘ಬಿಸ್ಲು ಎಷ್ಟೊತ್ತು ಬೀಳುತ್ತೆ ಮೇಡಂ?’ ಗೊತ್ತಿರಲಿಲ್ಲ. ದಿನಾ ಓಡಾಡುವ ಗೇಟು, ಆದರೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದೆ.

ಮರುದಿನ ಗಂಟೆಗೊಮ್ಮೆ ಅಲಾರಂ ಇಟ್ಟು ಬಾಲ್ಕನಿಯಿಂದ ನೋಡಿದೆ. ಮನೆ ಪಶ್ಚಿಮಕ್ಕೆ ಮುಖ ಮಾಡಿದ್ದರಿಂದ ಬೆಳಿಗ್ಗೆ ನೆರಳು, ಹನ್ನೆರಡರಿಂದ ಸಂಜೆ ಆರರವರೆಗೆ ಸುಡುಬಿಸಿಲು. ನೋಟ್ಸ್ ಪುಸ್ತಕದ ಕೊನೆಯ ಪುಟದಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡೆ. ಬಿಸಿಲು ಎಷ್ಟು? ನೀರು ಹಾಕುವವರು ಯಾರು, ವಾರಕ್ಕೆಷ್ಟು ಸಲ? ಆ ಜಾಗದಲ್ಲಿ ಓಡಾಡುವವರು ಯಾರು? ಗಿಡ ಬೆಳೆದು ನಿಂತಾಗ ಎಷ್ಟು ದೊಡ್ಡದಾಗುತ್ತದೆ?

ಎರಡನೇ ಪ್ರಶ್ನೆಗೆ ನಿಜವಾದ ಉತ್ತರ ಬರೆಯುವುದು ಕಷ್ಟ. ಉತ್ಸಾಹದ ವಾರದಲ್ಲಿ ನಾನು ದಿನಾ ನೀರು ಹಾಕುತ್ತೇನೆ. ಪರೀಕ್ಷೆಯ ವಾರದಲ್ಲಿ ಊಟ ಮಾಡುವುದನ್ನೇ ಮರೆಯುತ್ತೇನೆ. ಗಿಡವನ್ನು ಆರಿಸಬೇಕಾದದ್ದು ಆ ಎರಡನೇ ವಾರವನ್ನು ಲೆಕ್ಕ ಹಾಕಿ. ತಾತ ನೆಟ್ಟದ್ದು ದಿನಾ ಗಿಡದ ಮುಂದೆ ನಿಲ್ಲುವವರ ಗಿಡಗಳು. ರೋಸ್‌ಗೆ ಕತ್ತರಿ, ಗೊಬ್ಬರ, ನೀರು ಎಲ್ಲವೂ ಬೇಕು. ದಾಸವಾಳಕ್ಕೆ ಹಿಟ್ಟು ತಿಗಣೆ ಮೆತ್ತಿಕೊಂಡರೆ ಕೂತು ಒರೆಸಬೇಕು. ತಾತ ಇದ್ದಾಗ ಅವು ಸರಿಯಾದ ಗಿಡಗಳೇ. ನನಗೆ ಅಲ್ಲ.

ಮೂರನೇ ಪ್ರಶ್ನೆ ಕಣಗಿಲೆಯನ್ನು ಹೊರಗಿಟ್ಟಿತು. ಎಲೆ, ಕಾಂಡ, ಹೂವು ಎಲ್ಲ ವಿಷ. ಅಜ್ಜಿಯ ಮರಿಮಗು ಭಾನುವಾರ ಬಂದರೆ ಗೇಟಿನ ಹತ್ತಿರವೇ ಆಟ. ಬೀದಿಯ ಹಸುಗಳೂ ಕಾಂಪೌಂಡಿನ ಮೇಲಿಂದ ಮೂತಿ ಚಾಚುತ್ತವೆ.

ತೊಟ್ಟಿಯನ್ನು ಟೆರೇಸಿಗೆ ಏರಿಸಿದರೆ ಹೇಗೆ ಎಂದು ರೂಮ್‌ಮೇಟ್ ಕೇಳಿದಳು. ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಆ ತೊಟ್ಟಿಗೆ ಸುಮಾರು 340 ಲೀಟರ್ ಮಣ್ಣು ಹಿಡಿಯುತ್ತದೆ. ನೆನೆದಾಗ ಅದರ ತೂಕ 500 ಕಿಲೊ ದಾಟುತ್ತದೆ, ಅದೂ ಆರು ಚದರ ಅಡಿಯ ಮೇಲೆ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ವಿನ್ಯಾಸ ಮಾಡುವುದೇ ಚದರ ಮೀಟರಿಗೆ ಸುಮಾರು 150 ಕಿಲೊ ಹೆಚ್ಚುವರಿ ಭಾರಕ್ಕೆ. ಆದ್ದರಿಂದ ನೀವೂ ದೊಡ್ಡ ಡ್ರಮ್ಮು, ಕತ್ತರಿಸಿದ ಸಿಂಟೆಕ್ಸ್ ಟ್ಯಾಂಕು ಇಡುವುದಾದರೆ ನೆಲದ ಮೇಲಿಡಿ. ಟೆರೇಸೇ ಗತಿ ಎಂದಾದರೆ ಎಂಜಿನಿಯರ್ ಒಬ್ಬರನ್ನು ಕೇಳಿದ ಮೇಲೆ ಇಡಿ.

ಹಾಗೆಂದು ದೊಡ್ಡ ತೊಟ್ಟಿ ಹೊರೆಯಲ್ಲ. ಸೋಮಾರಿಗಳಿಗೆ ಅದೇ ವಾಸಿ. ಪೇಂಟ್ ಡಬ್ಬದ ಮಣ್ಣು ಬಿಸಿಲಿಗೆ ಒಂದೆರಡು ದಿನದಲ್ಲಿ ಒಣಗಿಬಿಡುತ್ತದೆ. ಎರಡು ಅಡಿ ಆಳದ ಮಣ್ಣು ತಳದಲ್ಲಿ ತೇವವನ್ನು ಬಹಳ ದಿನ ಇಟ್ಟುಕೊಳ್ಳುತ್ತದೆ, ಬೇರೂ ಅದನ್ನು ಹುಡುಕಿ ಕೆಳಗಿಳಿಯುತ್ತದೆ.

ಹಳೆ ಮಣ್ಣು ತೆಗೆದಾಗ ನೀರು ನಿಂತದ್ದೇಕೆಂದು ಗೊತ್ತಾಯಿತು. ತಾತ ಮಾಡಿಸಿದ್ದ ಒಂದೇ ತೂತಿನಲ್ಲಿ ಬೇರು ಸೇರಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಅಜ್ಜಿ ವಾಪಸ್ ಕೊಟ್ಟಿದ್ದ ಐನೂರರಲ್ಲೇ ಪ್ಲಂಬರ್ ಒಬ್ಬರಿಂದ ತಳದಲ್ಲಿ ನಾಲ್ಕು ತೂತು ಕೊರೆಸಿದೆ. ತೂತಿನ ಮೇಲೆ ಸೊಳ್ಳೆ ಪರದೆಯ ತುಂಡು ಹಾಸಿದೆ. ತಳದಲ್ಲಿ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅಷ್ಟು ನಿಜವಲ್ಲ. ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ, ಬೇರಿಗೆ ಸಿಗುವ ಜಾಗ ಮಾತ್ರ ಕಡಿಮೆಯಾಗುತ್ತದೆ. ಅದರ ಬದಲು ಮಣ್ಣನ್ನೇ ಸಡಿಲ ಮಾಡಿದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕಾಂಪೋಸ್ಟ್.

ಇನ್ನು ಗಿಡಗಳು. ಒಂದೇ ತೊಟ್ಟಿಯಲ್ಲಿ ಇರುವವರಿಗೆ ಬಾಯಾರಿಕೆ ಒಂದೇ ಥರ ಇರಬೇಕು. ಇಲ್ಲದಿದ್ದರೆ ಒಂದಕ್ಕೆ ನೀರು ಸಾಲದು, ಪಕ್ಕದ್ದು ಕೊಳೆಯುತ್ತದೆ. ಅಜ್ಜಿ ತುಳಸಿಯೂ ಅಲ್ಲೇ ಇರಲಿ ಎಂದರು. ಬಿಸಿಲಲ್ಲಿ ತುಳಸಿಗೆ ದಿನಾ ನೀರು ಬೇಕು, ಹಾಗಾಗಿ ಅದನ್ನು ಅವರ ಕೈಗೆಟಕುವ ಹಾಗೆ ಬಾಗಿಲ ಬಳಿಯ ಕುಂಡದಲ್ಲೇ ಉಳಿಸಿದೆ.

ಹಿಂದುಗಡೆ, ಗೋಡೆಗೆ ಒಂದು ಕಾಗದದ ಹೂವಿನ ಗಿಡ. ನಾನು ದುಡ್ಡು ಕೊಟ್ಟು ತಂದದ್ದು ಇದೊಂದನ್ನೇ. ನಾವು ಹೂವು ಎನ್ನುವುದು ಅದರ ಬಣ್ಣದ ಎಲೆಗಳನ್ನು. ನಿಜವಾದ ಹೂವು ಒಳಗಿನ ಪುಟ್ಟ ಬಿಳಿ ಕೊಳವೆ. ದಕ್ಷಿಣ ಅಮೆರಿಕದ ಈ ಗಿಡಕ್ಕೆ ನೀರು ಜಾಸ್ತಿಯಾದರೆ ಸೊಪ್ಪೇ ಸೊಪ್ಪು, ಸ್ವಲ್ಪ ಒಣಗಿಸಿದರೆ ಹೂವು. ಬೇರು ಅಲುಗಾಡಿದರೆ ಮುನಿಸಿಕೊಳ್ಳುತ್ತದೆ. ಅದಕ್ಕೇ ಕವರ್ ನಿಧಾನವಾಗಿ ಕತ್ತರಿಸಿ, ಮಣ್ಣಿನ ಉಂಡೆ ಒಡೆಯದ ಹಾಗೆ ಇಳಿಸಬೇಕು. ಮುಳ್ಳಿರುವುದರಿಂದ ಓಡಾಡುವ ಕಡೆಯ ಕೊಂಬೆ ಸವರಬೇಕು.

‘ಕಾಗದದ ಹೂವನ್ನ ದೇವರಿಗೆ ಹೆಂಗೆ ಇಡೋದು?’ ಎಂದು ಅಜ್ಜಿ ತಕರಾರು ತೆಗೆದರು. ಅದಕ್ಕೆ ನಿತ್ಯಪುಷ್ಪ ಬಂತು. ಪಕ್ಕದ ಚರಂಡಿ ಕಲ್ಲಿನ ಸಂದಿಯಲ್ಲಿ ತಾನಾಗಿ ಹುಟ್ಟಿದ್ದ ಮೂರು ಸಸಿ ಕಿತ್ತು ತಂದೆ. ಕಲ್ಲಿನ ಸಂದಿಯಲ್ಲಿ ಹೂ ಬಿಟ್ಟದ್ದಕ್ಕೆ ಬೇರೆ ಸರ್ಟಿಫಿಕೇಟ್ ಬೇಕೆ? ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಇದರ ಹೆಸರು ಓದಿರುತ್ತೀರಿ. ಕ್ಯಾನ್ಸರ್ ಔಷಧಗಳಾದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಸಿಗುವುದು ಇದರಿಂದಲೇ. ಇದೂ ತಿನ್ನುವ ಗಿಡವಲ್ಲ, ಆದ್ದರಿಂದ ಮಗುವಿನ ಕೈಗೆ ಸಿಗದಂತೆ ಗೋಡೆ ಕಡೆಗೆ ಹಾಕಿದೆ.

ಮುಂದಿನ ಅಂಚಿಗೆ ದೊಡ್ಡಪತ್ರೆಯ ಎರಡು ಕಡ್ಡಿ, ಎದುರುಮನೆಯವರು ಕೊಟ್ಟ ಲೋಳೆಸರದ ಒಂದು ಮರಿ. ಎರಡೂ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಜಾತಿ. ಏಳು ಗಿಡ ಆಯಿತು. ಇನ್ನೂ ಜಾಗ ಖಾಲಿ ಕಾಣುತ್ತಿತ್ತು. ತಡೆಯಲಾಗದೆ ಒಂದು ಬಟನ್ ರೋಸ್ ತಂದು ಸೇರಿಸಿದೆ.

ನೆಟ್ಟದ್ದು ಜುಲೈನಲ್ಲಿ. ಆರೈಕೆ ಬೇಡದ ಗಿಡ ಎಂದರೆ ನೆಟ್ಟು ಮರೆಯುವುದು ಎಂದರ್ಥವಲ್ಲ. ಮೊದಲ ಎರಡು ತಿಂಗಳು ಮಳೆ ಬಿಟ್ಟಾಗಲೆಲ್ಲ ನೀರು ಹಾಕಿದೆ. ಬೇರು ಇಳಿದ ಮೇಲೆ ವಾರಕ್ಕೊಮ್ಮೆ ಒಂದೂವರೆ ಬಕೆಟ್, ನಿಧಾನವಾಗಿ. ದಿನಾ ಒಂದು ಚೊಂಬು ಹಾಕಿದರೆ ಮೇಲ್ಮಣ್ಣಷ್ಟೇ ನೆನೆದು ಬೇರು ಮೇಲೇ ಉಳಿಯುತ್ತದೆ. ಅಜ್ಜಿಯ ಚೊಂಬು ನೀರು ಸಾಲದೆ ಹೋದದ್ದು ಅದಕ್ಕೇ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ, ತೇವ ತಾಗಿದರೆ ಆ ದಿನ ನೀರು ಬೇಡ. ಫೆಬ್ರುವರಿಯಲ್ಲಿ ಬೀದಿಯ ಹೊಂಗೆ ಮರ ಎಲೆ ಉದುರಿಸಿದಾಗ ಗುಡಿಸಿ ತಂದು ಮಣ್ಣಿನ ಮೇಲೆ ಎರಡಿಂಚು ಹೊದಿಸಿದೆ.

2025ರ ಮಾರ್ಚ್‌ನಲ್ಲಿ ಅಕ್ಕನ ಮದುವೆ. ಮೂರು ವಾರ ಊರಲ್ಲಿದ್ದೆ. ವಾಪಸ್ ಬರುವಾಗ ವಿಜಯನಗರದಲ್ಲಿ ಬಸ್ ಇಳಿದವಳು ಮನೆಯ ಬೀದಿಗೆ ತಿರುಗಲು ಹೆದರುತ್ತಿದ್ದೆ. ತಿರುಗಿದರೆ ಕಾಂಪೌಂಡಿನ ಮೇಲೆ ಗುಲಾಬಿ ಬಣ್ಣ ಚೆಲ್ಲಿಕೊಂಡಿತ್ತು. ನೀರಿಲ್ಲದ್ದಕ್ಕೇ ಕಾಗದದ ಹೂವು ಎಲೆ ಕಾಣದ ಹಾಗೆ ಅರಳಿತ್ತು. ಬಟನ್ ರೋಸ್ ಸತ್ತಿತ್ತು. ನಿತ್ಯಪುಷ್ಪದಲ್ಲಿ ಒಂದು ಹೋಗಿ, ಅದರ ಬುಡದಲ್ಲೇ ನಾಲ್ಕು ಮರಿ ಎದ್ದಿದ್ದವು. ದೊಡ್ಡಪತ್ರೆ ಎಲೆ ಸಣ್ಣದು ಮಾಡಿಕೊಂಡು ಕೂತಿತ್ತು. ‘ನಾನು ಒಂದೇ ಸಲ ಕೆಲಸದವಳ ಕೈಲಿ ನೀರು ಹಾಕ್ಸಿದ್ದು ಕಣೇ’ ಎಂದ ಅಜ್ಜಿ, ತಟ್ಟೆಯಲ್ಲಿ ಬಿಳಿ ನಿತ್ಯಪುಷ್ಪ ತುಂಬಿಕೊಂಡು ಒಳಗೆ ಹೋದರು. ಆಮೇಲೆ ತೊಟ್ಟಿ ಒಡೆಸುವ ಮಾತು ಬರಲಿಲ್ಲ.

ಪರೀಕ್ಷೆ ನನಗೆ ಇನ್ನೂ ಒಲಿದಿಲ್ಲ. ಕೆಂಗೇರಿ ಹತ್ತಿರದ ಒಂದು ಸೈಟಿನಲ್ಲಿ ಕೆಲಸ ಸಿಕ್ಕಿ, ಅಲ್ಲೇ ರೂಮು ಮಾಡಿದ್ದೇನೆ. ಸಂಜೆ ಓದು ನಡೆದಿದೆ. ಹೊರಡುವ ಮುನ್ನ ಗೇಟಿನ ಒಳಗೋಡೆಗೆ ಒಂದು ಚೀಟಿ ಅಂಟಿಸಿದೆ. ‘ವಾರಕ್ಕೊಮ್ಮೆ, ಒಂದೂವರೆ ಬಕೆಟ್. ಮರೆತರೆ ಗಾಬರಿ ಬೇಡ.’

ನಾನು ಸಾಮಾನು ಇಳಿಸುವಾಗಲೇ ರೂಮು ನೋಡಲು ರಾಯಚೂರು ಕಡೆಯ ಹುಡುಗಿಯೊಬ್ಬಳು ಬಂದಳು. ಅಜ್ಜಿ ಅವಳಿಗೂ ಐನೂರು ಬಿಡುತ್ತೇನೆ ಎಂದರು. ಮೊದಲ ಪ್ರಶ್ನೆ ಮಾತ್ರ ಬದಲಾಗಿತ್ತು.

‘ದೊಡ್ಡಪತ್ರೆ ತಂಬುಳಿ ತಿಂತೀಯೇನಮ್ಮ?’