ಹಸುವಿನ ಮೈಯಲ್ಲಿ ಚಿನ್ನ ಸೇರುತ್ತದೆಯೇ?



ಕೆ.ಜಿ.ಎಫ್., ಬಂಗಾರಪೇಟೆ ಸುತ್ತಿನ ಮಹಿಳಾ ಸಂಘಗಳಲ್ಲಿ ಅನೇಕರು ಕೇಳುತ್ತಾರೆ: "ಡಾಕ್ಟ್ರೇ, ಸೈನೈಡ್ ದಿಬ್ಬದ ಹತ್ತಿರ ಮೇಯುವ ಹಸುವಿನ ಹಾಲಲ್ಲಿ ಚಿನ್ನ ಇರುತ್ತಾ?"

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ನುಣ್ಣನೆಯ ಮರಳೇ ಈ ದಿಬ್ಬಗಳು. ಒಂದು ಟನ್ ಮರಳಿನಲ್ಲಿ ಉಳಿದಿರುವ ಚಿನ್ನ ಒಂದು ಗ್ರಾಂಗಿಂತಲೂ ಕಡಿಮೆ. ಹಸು ಅದನ್ನು ನೆಕ್ಕಿದರೂ ಚಿನ್ನ ಹೊಟ್ಟೆಯಲ್ಲಿ ಕರಗುವುದಿಲ್ಲ, ಸಗಣಿಯಲ್ಲಿ ಹೋಗುತ್ತದೆ. ಹಾಲಿನ ಹಳದಿ ಬಣ್ಣ ಹಸಿರು ಮೇವಿನ ಕ್ಯಾರೋಟಿನ್‌ನಿಂದ ಬಂದದ್ದು, ಚಿನ್ನದಿಂದಲ್ಲ.

ಜೀವಿಗಳಲ್ಲಿ ಚಿನ್ನ ಇಲ್ಲವೇ ಇಲ್ಲ ಎಂದಲ್ಲ. ಮನುಷ್ಯನ ಮೈಯಲ್ಲಿ ಸುಮಾರು 0.2 ಮಿಲಿಗ್ರಾಂ ಇರುತ್ತದೆ. ಆಸ್ಟ್ರೇಲಿಯಾದ ಚಿನ್ನದ ಸೀಮೆಯ ನೀಲಗಿರಿ ಎಲೆಗಳಲ್ಲೂ ಚಿನ್ನದ ಕಣಗಳಿರುವುದನ್ನು ವಿಜ್ಞಾನಿಗಳು 2013ರಲ್ಲಿ ಕ್ಷ-ಕಿರಣಗಳ ನೆರವಿನಿಂದ ತೋರಿಸಿದರು. ಪ್ರಯೋಗಾಲಯದಲ್ಲಿ ಯಕೃತ್ತು, ಮೂತ್ರಪಿಂಡದ ತುಣುಕನ್ನು ಆಮ್ಲದಲ್ಲಿ ಕರಗಿಸಿ, ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಚಿನ್ನವನ್ನೂ ಅಳೆಯಬಹುದು. ಕೀಲುವಾತಕ್ಕೆ ಹಿಂದೆ ಕೊಡುತ್ತಿದ್ದ ಚಿನ್ನದ ಲವಣದ ಇಂಜೆಕ್ಷನ್‌ನಿಂದ ಕೆಲವರಿಗೆ ಚರ್ಮದಲ್ಲಿ ಗಂಧೆ, ಮೂತ್ರಪಿಂಡದ ತೊಂದರೆ ಆಗಿದ್ದುಂಟು. ಒಡವೆಯ ಚಿನ್ನ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ.

ಭಯ ಬೇರೆಯದಕ್ಕೆ

ಚಿನ್ನದ ಅದಿರಿನ ಜೊತೆ ಸಾಮಾನ್ಯವಾಗಿ ಆರ್ಸೆನಿಕ್, ಸೀಸ ಕೂಡ ಇರುತ್ತವೆ. ಸೈನೈಡ್ ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆದುಹೋಗುತ್ತದೆ. ಇವು ಹೋಗುವುದಿಲ್ಲ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಆದ್ದರಿಂದ ರಾಸುಗಳನ್ನು ದಿಬ್ಬದ ಮೇಲೆ, ಅದರ ಬುಡದಲ್ಲಿ ಮೇಯಿಸಬೇಡಿ. ಅಲ್ಲಿ ನಿಂತ ಮಳೆನೀರು ಕುಡಿಸಬೇಡಿ. ಗಾಳಿಗೆ ಧೂಳು ಕೂತ ಮೇವನ್ನು ತೊಳೆದು ಹಾಕಿ. ಖನಿಜ ಮಿಶ್ರಣ ತಪ್ಪದೆ ಕೊಡಿ. ಲವಣದ ಕೊರತೆಯಾದ ಹಸು ಮಣ್ಣು ನೆಕ್ಕುತ್ತದೆ.

ಹೊಲದಲ್ಲೇ ಇರುವ ಸೈನೈಡ್

ನಿಮ್ಮ ಹೊಲದ ಎಳೆ ಜೋಳದ ಪೈರಿನಲ್ಲೂ ಸೈನೈಡ್ ಹುಟ್ಟುತ್ತದೆ. ಮಳೆ ಕೈಕೊಟ್ಟು ಬಾಡಿದ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ ಇನ್ನೂ ಅಪಾಯ. ಮುಸುಕಿನ ಜೋಳದಲ್ಲಿ ಈ ಭಯ ಕಡಿಮೆ. ಮೇವಿನ ಜೋಳವನ್ನು ಹೂ ಬಂದ ಮೇಲೆ ಕೊಯ್ದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಒಣಹುಲ್ಲಿನ ಜೊತೆ ಬೆರೆಸಿ ಕೊಡಿ. ಹಸಿದ ರಾಸನ್ನು ಪೈರಿಗೆ ಬಿಡಲೇಬೇಡಿ.

ಮೇಯ್ದ ಸ್ವಲ್ಪ ಹೊತ್ತಿಗೇ ಏದುಸಿರು, ಜೊಲ್ಲು, ನಡುಕ, ಕಣ್ಣಿನ ಒಳಪೊರೆ ಕಡುಕೆಂಪಾಗುವುದು ಕಂಡರೆ ಮೇವನ್ನು ಕೂಡಲೇ ನಿಲ್ಲಿಸಿ 1962ಕ್ಕೆ ಕರೆ ಮಾಡಿ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಇಂಜೆಕ್ಷನ್ ಸಮಯಕ್ಕೆ ಸಿಕ್ಕರೆ ಹಸು ಬದುಕುತ್ತದೆ. ಮನೆಮದ್ದು ಕುಡಿಸುತ್ತಾ ಹೊತ್ತು ಕಳೆಯಬೇಡಿ.

ರಾಸು ಸತ್ತರೆ ತಕ್ಷಣ ಹೂಳಬೇಡಿ, ನಮಗೆ ತಿಳಿಸಿ. ಹೊಟ್ಟೆಯ ಮೇವು, ಯಕೃತ್ತು, ಮೂತ್ರಪಿಂಡದ ಮಾದರಿಯನ್ನು ತಡಮಾಡದೆ ಮುಚ್ಚಿದ ಡಬ್ಬಿಯಲ್ಲಿ, ಮಂಜುಗಡ್ಡೆಯಲ್ಲಿಟ್ಟು ಪರೀಕ್ಷೆಗೆ ಕಳಿಸಬೇಕು. ಕಾರಣ ಗೊತ್ತಾದರೆ ಕೊಟ್ಟಿಗೆಯ ಉಳಿದ ಹಸುಗಳನ್ನು ಉಳಿಸಬಹುದು.